ರೋಬೋಟ್ ವ್ಯಾಕ್ಯೂಮ್ ಆರಿಸುವ ಮೊದಲು ಟೇಪು ಹಿಡಿಯಿರಿ: ಒಂದು ಸಮಗ್ರ ಮಾರ್ಗದರ್ಶಿ

ನಾನು ಮೊದಲ ರೋಬೋಟ್ ವ್ಯಾಕ್ಯೂಮ್ ಕ್ಲೀನರ್ ಕೊಂಡಾಗ ನೋಡಿದ್ದು ಒಂದೇ ಒಂದು ಅಂಕಿ. ಹೀರುವ ಶಕ್ತಿ ಎಷ್ಟು ಪ್ಯಾಸ್ಕಲ್ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಪಕ್ಕದ ಮಾಡೆಲ್‌ಗಿಂತ ಅದು ಹೆಚ್ಚಿತ್ತು. ಅಷ್ಟಕ್ಕೇ ತೀರ್ಮಾನ ಮಾಡಿಬಿಟ್ಟೆ. ಮನೆಗೆ ಬಂದ ಮೊದಲ ವಾರದಲ್ಲೇ ಅದು ಸೋಫಾದ ಕೆಳಗೆ ನುಗ್ಗಿ ಸಿಕ್ಕಿಹಾಕಿಕೊಳ್ಳತೊಡಗಿತು. ಸಂಜೆ ದೀಪ ಹಾಕದ ಕೋಣೆಯಲ್ಲಿ ದಾರಿ ತಪ್ಪಿ ಒಂದೇ ಕಡೆ ಸುತ್ತುತ್ತಿತ್ತು. ಕ್ಯಾಮೆರಾದಿಂದ ದಾರಿ ಕಂಡುಕೊಳ್ಳುವ ಯಂತ್ರಕ್ಕೆ ಬೆಳಕು ಬೇಕು ಎಂಬುದು ನನಗೆ ತಿಳಿದದ್ದೇ ಆಮೇಲೆ. ಎರಡನೆಯದನ್ನು ಕೊಳ್ಳುವಾಗ ಅಂಗಡಿಗೆ ಹೋಗುವ ಮೊದಲು ಮನೆಯನ್ನು ಅಳೆದೆ. ಕಾಗದದ ಮೇಲೆ ಅದರ ಹೀರುವ ಶಕ್ತಿ ಮೊದಲಿನದಕ್ಕಿಂತ ಕಡಿಮೆ. ಆದರೂ ನೆಲ ನಿಜವಾಗಿ ಚೊಕ್ಕಟವಾದದ್ದು ಅದರಿಂದಲೇ.

ಹಾಗಾಗಿ ಈ ಮಾರ್ಗದರ್ಶಿ ಯಂತ್ರದಿಂದಲ್ಲ, ನಿಮ್ಮ ಮನೆಯಿಂದ ಶುರುವಾಗುತ್ತದೆ.

ಹಂತ 1: ಮನೆಯನ್ನು ಅಳೆಯಿರಿ

ಒಂದು ಟೇಪು, ಒಂದು ಹಾಳೆ, ಅರ್ಧ ಗಂಟೆ ಬಿಡುವು ಸಾಕು. ಇಡೀ ಆಯ್ಕೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಅರ್ಧ ಗಂಟೆ ಇದು. ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಮೊದಲು ಎತ್ತರ. ಮಂಚ, ಸೋಫಾ, ಕಪಾಟು, ಟಿವಿ ಸ್ಟ್ಯಾಂಡ್ ಇವುಗಳ ಕೆಳಗಿನ ಸಂದಿ ಎಷ್ಟಿದೆ ಎಂದು ಅಳೆದು ಬರೆದುಕೊಳ್ಳಿ. ಅಂಚಿನಲ್ಲಿ ಮಾತ್ರ ಅಳೆದರೆ ಸಾಲದು. ಸೋಫಾದ ನಡುಭಾಗ ಜೋತುಬಿದ್ದಿರುತ್ತದೆ, ಮಂಚದಡಿ ಅಡ್ಡಪಟ್ಟಿ ಇಳಿದಿರುತ್ತದೆ. ಎಲ್ಲಕ್ಕಿಂತ ತಗ್ಗಾದ ಜಾಗದ ಅಳತೆಯೇ ನಿಜವಾದ ಅಳತೆ. ತಲೆಯ ಮೇಲೆ ಲೇಸರ್‌ನ ಗುಂಡನೆಯ ಉಬ್ಬು ಇರುವ ಯಂತ್ರಗಳು ಸಾಮಾನ್ಯವಾಗಿ 9.5ರಿಂದ 10.5 ಸೆಂ.ಮೀ. ಎತ್ತರ ಇರುತ್ತವೆ. ಉಬ್ಬಿಲ್ಲದವು 8 ಸೆಂ.ಮೀ. ಆಸುಪಾಸಿನಲ್ಲಿ ಸಿಗುತ್ತವೆ. ಸಂದಿಗೂ ಯಂತ್ರಕ್ಕೂ ನಡುವೆ ಕನಿಷ್ಠ 1 ಸೆಂ.ಮೀ. ಬಿಡುವು ಇರಲಿ. ಸಂದಿ ಯಂತ್ರಕ್ಕಿಂತ ತೀರಾ ಕಿರಿದಾಗಿದ್ದರೂ ತೊಂದರೆಯಿಲ್ಲ, ಅದು ಮುಟ್ಟಿ ಹಿಂದೆ ಸರಿಯುತ್ತದೆ. ಎರಡೂ ಹೆಚ್ಚುಕಡಿಮೆ ಸಮವಾಗಿದ್ದರೆ ಮಾತ್ರ ಒಳಗೆ ನುಗ್ಗಿ ಬೆಣೆ ಹೊಡೆದ ಹಾಗೆ ಕೂತುಬಿಡುತ್ತದೆ. ನನ್ನ ಮೊದಲ ಯಂತ್ರಕ್ಕೆ ಆದದ್ದು ಇದೇ.

ಆಮೇಲೆ ಹೊಸ್ತಿಲು. ಪ್ರತಿ ಬಾಗಿಲಲ್ಲೂ ಎತ್ತರ ಅಳೆಯಿರಿ, ಜತೆಗೆ ಅದರ ಆಕಾರವನ್ನೂ ನೋಡಿ. ಬಹುತೇಕ ಯಂತ್ರಗಳು ಸುಮಾರು 2 ಸೆಂ.ಮೀ. ಹತ್ತುತ್ತವೆ. ಅಂಚು ಇಳಿಜಾರಾಗಿದ್ದರೆ ಸಲೀಸು, ನೇರವಾಗಿ ಕತ್ತರಿಸಿದಂತಿದ್ದರೆ ಅದೇ 2 ಸೆಂ.ಮೀ. ಕೂಡ ಕಷ್ಟ. ಸರಿಯುವ ಬಾಗಿಲಿನ ಜೋಡಿ ಹಳಿಗಳು ಇನ್ನೊಂದು ತೊಡಕು. ಒಂದನ್ನು ಹತ್ತಿದ ಚಕ್ರ ಎರಡರ ನಡುವಿನ ಗುಂಡಿಗೆ ಇಳಿದು ಸುಮ್ಮನೆ ತಿರುಗುತ್ತಿರುತ್ತದೆ. ಈಚೆಗೆ ಚಕ್ರವನ್ನೋ ಪುಟ್ಟ ಕಾಲನ್ನೋ ಚಾಚಿ ತನ್ನನ್ನೇ ಎತ್ತಿಕೊಂಡು 4 ಸೆಂ.ಮೀ.ಗಿಂತ ಹೆಚ್ಚು ಎತ್ತರ ದಾಟುವ ಮಾಡೆಲ್‌ಗಳು ಬಂದಿವೆ. ಅವು ದುಬಾರಿ. ಮನೆಯಲ್ಲಿ ಒಂದೇ ಒಂದು ಎತ್ತರದ ಹೊಸ್ತಿಲಿದ್ದರೆ ಅದಕ್ಕೆ ಎರಡೂ ಕಡೆ ರಬ್ಬರಿನ ಇಳಿಜಾರು ಪಟ್ಟಿ ಕೂರಿಸುವುದು ಅಗ್ಗದ ಪರಿಹಾರ.

ಮೂರನೆಯದು ಅಗಲ. ಯಂತ್ರದ ವ್ಯಾಸ ಸಾಮಾನ್ಯವಾಗಿ 33ರಿಂದ 35 ಸೆಂ.ಮೀ. ಊಟದ ಮೇಜಿನ ಸುತ್ತ ಕುರ್ಚಿಗಳ ಕಾಲುಗಳ ನಡುವೆ ಇದಕ್ಕಿಂತ ಕಡಿಮೆ ಜಾಗವಿದ್ದರೆ, ಮನೆಯಲ್ಲಿ ಅತಿ ಹೆಚ್ಚು ಕಸ ಬೀಳುವ ಆ ಜಾಗವೇ ದಿನವೂ ಉಳಿದುಬಿಡುತ್ತದೆ. ಕುರ್ಚಿ ಎತ್ತಿಡುವ ಅಭ್ಯಾಸ ಮಾಡಿಕೊಳ್ಳಬಲ್ಲಿರಾ ಎಂದು ಈಗಲೇ ಯೋಚಿಸಿ.

ನೆಲ ಯಾವುದು ಎಂದೂ ಕೋಣೆವಾರು ಬರೆದುಕೊಳ್ಳಿ: ಟೈಲ್ಸ್, ಕಲ್ಲು, ಮರ, ಗಿಡ್ಡ ಎಳೆಯ ರಗ್ಗು, ದಪ್ಪ ಕಾರ್ಪೆಟ್. ಕಪ್ಪು ಅಥವಾ ಕಡು ಬಣ್ಣದ ರಗ್ಗು ಇದ್ದರೆ ಅದಕ್ಕೆ ಅಡಿಗೆರೆ ಎಳೆಯಿರಿ. ಯಂತ್ರದ ಹೊಟ್ಟೆಯಡಿ ಮೆಟ್ಟಿಲ ಅಂಚನ್ನು ಪತ್ತೆ ಮಾಡುವ ಸೆನ್ಸರ್‌ಗಳಿರುತ್ತವೆ. ಅವು ಕೆಳಕ್ಕೆ ಇನ್‌ಫ್ರಾರೆಡ್ ಬೆಳಕು ಬಿಟ್ಟು ಅದು ಮರಳುತ್ತದೆಯೇ ಎಂದು ನೋಡುತ್ತವೆ. ಕಪ್ಪು ಬಣ್ಣ ಆ ಬೆಳಕನ್ನು ಹೀರಿಕೊಂಡರೆ ಯಂತ್ರಕ್ಕೆ ರಗ್ಗೂ ಒಂದೇ, ಮೆಟ್ಟಿಲೂ ಒಂದೇ. ಅದು ಅಲ್ಲೇ ಹಿಂದೆ ಸರಿಯುತ್ತದೆ. ಎಲ್ಲ ಯಂತ್ರಗಳಲ್ಲೂ ಹೀಗಾಗುವುದಿಲ್ಲ. ಆದರೆ ಕೊಳ್ಳುವ ಮೊದಲು ಕೇಳಿ ತಿಳಿಯಬೇಕಾದ ಸಂಗತಿಯಿದು. ಕೆಲವರು ಆ ಸೆನ್ಸರಿಗೆ ಬಿಳಿ ಟೇಪು ಅಂಟಿಸಿ ಸಮಸ್ಯೆ ಬಗೆಹರಿಸುತ್ತಾರೆ. ಮನೆಯಲ್ಲಿ ಮೆಟ್ಟಿಲಿದ್ದರೆ ಇದನ್ನು ಮಾಡಲೇಬೇಡಿ, ಯಂತ್ರ ನಿಜವಾದ ಮೆಟ್ಟಿಲಿನಿಂದಲೂ ಉರುಳುತ್ತದೆ.

ಕೊನೆಗೆ ಡಾಕ್ ಇಡುವ ಜಾಗ, ಅಂದರೆ ಯಂತ್ರ ಚಾರ್ಜಿಗೆ ಮರಳಿ ಬಂದು ನಿಲ್ಲುವ ತಾಣ. ಗೋಡೆಗೆ ಒತ್ತಿಕೊಂಡಿರಬೇಕು, ಹತ್ತಿರ ಪ್ಲಗ್ ಇರಬೇಕು, ಮುಂದೆ ಒಂದು ಒಂದೂವರೆ ಮೀಟರ್ ಖಾಲಿ ಇರಬೇಕು, ಎರಡೂ ಪಕ್ಕಗಳಲ್ಲಿ ಸ್ವಲ್ಪ ಬಿಡುವು ಬೇಕು. ವೈ-ಫೈ ಅಲ್ಲಿಗೆ ಚೆನ್ನಾಗಿ ತಲುಪಬೇಕು. ಎಷ್ಟೋ ಯಂತ್ರಗಳು 2.4 ಗಿಗಾಹರ್ಟ್ಸ್ ವೈ-ಫೈಗೆ ಮಾತ್ರ ಜೋಡಣೆಯಾಗುತ್ತವೆ. ನಿಮ್ಮ ರೂಟರ್‌ನಲ್ಲಿ ಅದು ತೆರೆದಿದೆಯೇ ನೋಡಿಟ್ಟುಕೊಳ್ಳಿ. ನೀರು ತುಂಬಿಸುವ ದೊಡ್ಡ ಡಾಕ್ ಕೊಳ್ಳುವ ಮನಸ್ಸಿದ್ದರೆ ಎತ್ತರಕ್ಕೆ ಅರ್ಧ ಮೀಟರಾದರೂ ಜಾಗ ಬಿಡಿ, ಟ್ಯಾಂಕನ್ನು ಮೇಲಕ್ಕೆ ಎಳೆದು ತೆಗೆಯಬೇಕಾದರೆ ಇನ್ನೂ ಹೆಚ್ಚು.

ಹಂತ 2: ಇದು ನಿಮಗೆ ಒಪ್ಪುತ್ತದೆಯೇ ಎಂದು ಕೇಳಿಕೊಳ್ಳಿ

ರೋಬೋಟ್ ವ್ಯಾಕ್ಯೂಮ್‌ನ ದೊಡ್ಡ ಗುಣ ಶಕ್ತಿಯಲ್ಲ, ನಿತ್ಯದ ಕೆಲಸ. ವಾರಕ್ಕೊಮ್ಮೆ ಕೈಯಲ್ಲಿ ಹಿಡಿದು ಮಾಡುವ ಶುಚಿಗೆ ಅದು ಸಾಟಿಯಲ್ಲ. ಆದರೆ ದಿನವೂ ತಪ್ಪದೆ ಮಾಡುವುದರಿಂದ ಧೂಳು ಕೂರುವುದಕ್ಕೇ ಬಿಡುವುದಿಲ್ಲ. ಅದು ಮೆಟ್ಟಿಲು ಗುಡಿಸುವುದಿಲ್ಲ, ಸೋಫಾದ ಮೇಲಿನ ಕಸ ತೆಗೆಯುವುದಿಲ್ಲ, ಮೂಲೆಯ ಕೊನೆಯ ಒಂದೆರಡು ಸೆಂಟಿಮೀಟರ್ ಮುಟ್ಟುವುದೂ ಅಪರೂಪ. ಪೊರಕೆಯನ್ನೋ ಪುಟ್ಟ ಕೈ ವ್ಯಾಕ್ಯೂಮನ್ನೋ ಇಟ್ಟುಕೊಳ್ಳಲೇಬೇಕು.

ನೆಲದ ಮೇಲೆ ಯಾವಾಗಲೂ ಆಟಿಕೆ, ಬಟ್ಟೆ, ಚಾರ್ಜರ್ ವೈರು ಹರಡಿರುವ ಮನೆಯಾದರೆ, ಯಂತ್ರ ಓಡಿಸುವ ಮೊದಲು ಹತ್ತು ನಿಮಿಷ ನೆಲ ಖಾಲಿ ಮಾಡಲು ಯಾರಾದರೂ ಸಿದ್ಧರಿದ್ದಾರೆಯೇ? ಇಲ್ಲವೆಂದಾದರೆ ಈ ಹಣಕ್ಕೆ ಒಳ್ಳೆಯ ತಂತಿರಹಿತ ಕಡ್ಡಿ ವ್ಯಾಕ್ಯೂಮ್ ಕೊಳ್ಳುವುದು ಮೇಲು. ಕೋಣೆಯಿಂದ ಕೋಣೆಗೆ ಮೆಟ್ಟಿಲು ಇಳಿಯಬೇಕಾದ ಮನೆಗೂ ನಾನು ಇದೇ ಮಾತು ಹೇಳುತ್ತೇನೆ.

ಹಂತ 3: ದಾರಿ ಹೇಗೆ ಕಂಡುಕೊಳ್ಳುತ್ತದೆ ಎಂದು ನೋಡಿ

ನನ್ನ ಮಟ್ಟಿಗೆ ಆಯ್ಕೆಯ ಬೆನ್ನೆಲುಬು ಇದೇ. ಹೋಗದ ಜಾಗದಲ್ಲಿ ಎಷ್ಟು ಪ್ಯಾಸ್ಕಲ್ ಇದ್ದರೇನು?

ಈ ಯಂತ್ರಗಳ ಚರಿತ್ರೆ ಚಿಕ್ಕದು. ಎಲೆಕ್ಟ್ರೋಲಕ್ಸ್ ಕಂಪನಿ 2001ರಲ್ಲಿ ಟ್ರಿಲೊಬೈಟ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಬಾವಲಿಯ ಹಾಗೆ ಶ್ರವಣಾತೀತ ಸದ್ದು ಹೊರಡಿಸಿ ಅಡ್ಡಿಗಳನ್ನು ಗುರುತಿಸುತ್ತಿತ್ತು. ಮರುವರ್ಷ ಐರೋಬೋಟ್‌ನ ರೂಂಬಾ ಬಂದು ಈ ಸಾಮಾನನ್ನು ಮನೆಮಾತಾಗಿಸಿತು. ಆಗಿನ ರೂಂಬಾಗೆ ಮ್ಯಾಪ್ ಎಂಬುದೇ ಇರಲಿಲ್ಲ. ಸುರುಳಿ ಸುತ್ತುವುದು, ಗೋಡೆ ಹಿಡಿದು ಹೋಗುವುದು, ಡಿಕ್ಕಿ ಹೊಡೆದು ಬೇರೆ ದಿಕ್ಕಿಗೆ ತಿರುಗುವುದು, ಹೀಗೆ ಸಾಕಷ್ಟು ಹೊತ್ತು ಓಡಾಡಿದರೆ ಹೆಚ್ಚಿನ ಜಾಗ ಹೇಗೂ ಮುಗಿಯುತ್ತದೆ ಎಂಬ ಲೆಕ್ಕ. 2010ರಲ್ಲಿ ನೀಟೊ ಎಂಬ ಕಂಪನಿ ತಿರುಗುವ ಲೇಸರ್ ಕೂರಿಸಿದ ಮನೆಬಳಕೆಯ ಯಂತ್ರ ತಂದಿತು. ಗೆರೆ ಎಳೆದಂತೆ ಸಾಲು ಸಾಲಾಗಿ ಗುಡಿಸುವ ಇಂದಿನ ಯಂತ್ರಗಳ ದಾರಿ ಅಲ್ಲಿಂದ ಶುರು.

ಈಗ ಅಂಗಡಿಯಲ್ಲಿ ಸಿಗುವ ಯಂತ್ರಗಳನ್ನು ಹೀಗೆ ಗುರುತಿಸಬಹುದು. ತೀರಾ ಅಗ್ಗದವು ಇಂದಿಗೂ ಡಿಕ್ಕಿ ಹೊಡೆದು ತಿರುಗುವಂಥವು. ಒಂದೇ ಕೋಣೆಗೆ ಸರಿ, ನಾಲ್ಕು ಕೋಣೆಗೆ ಬೇಡ. ಅದರ ಮೇಲಿನವು ತಿರುವನ್ನು ಅಳೆಯುವ ಗೈರೊಸ್ಕೋಪ್ ಬಳಸಿ, ಚಕ್ರದ ಸುತ್ತು ಎಣಿಸಿ ಅಂದಾಜಿನ ಮೇಲೆ ಸಾಲು ಹಿಡಿಯುತ್ತವೆ. ನುಣುಪು ನೆಲದಲ್ಲಿ ಚಕ್ರ ಜಾರಿದರೆ, ಯಾರಾದರೂ ಎತ್ತಿ ಬೇರೆ ಕಡೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಕ್ಯಾಮೆರಾದವು ಛಾವಣಿ, ಗೋಡೆ, ಪೀಠೋಪಕರಣಗಳ ಗುರುತು ಹಿಡಿದು ಮ್ಯಾಪ್ ಕಟ್ಟುತ್ತವೆ. ಬೆಳಕಿದ್ದಾಗ ಚೆನ್ನಾಗಿ ನಡೆಯುತ್ತವೆ. ಲೇಸರ್‌ನವು, ಅಂದರೆ ಲೈಡಾರ್ ಇರುವವು, ಸುತ್ತಲೂ ಲೇಸರ್ ಬೀರಿ ಪ್ರತಿ ದಿಕ್ಕಿನ ದೂರವನ್ನು ತಾವೇ ಅಳೆಯುತ್ತವೆ. ಬೆಳಕಿನ ಹಂಗಿಲ್ಲ, ಕಗ್ಗತ್ತಲಲ್ಲೂ ಮ್ಯಾಪ್ ನಿಖರ. ಮೊದಲ ಸುತ್ತಿನಲ್ಲೇ ಮನೆಯ ನಕ್ಷೆ ನಿಮ್ಮ ಫೋನಿನಲ್ಲಿ ಮೂಡುತ್ತದೆ.

ಒಂದಕ್ಕಿಂತ ಹೆಚ್ಚು ಕೋಣೆಯ ಮನೆಗೆ ನನ್ನ ಸಲಹೆ ಲೈಡಾರ್, ಬೇರೆ ಮಾತಿಲ್ಲ. ಅದಕ್ಕೂ ಎರಡು ಕೊರತೆಗಳಿವೆ. ನೆಲಮಟ್ಟದ ಕನ್ನಡಿ, ಗಾಜಿನ ಗೋಡೆ ಅದನ್ನು ಮೋಸಗೊಳಿಸುತ್ತವೆ. ಕನ್ನಡಿಯ ಆಚೆ ಇಲ್ಲದ ಕೋಣೆಯೊಂದು ಮ್ಯಾಪ್‌ನಲ್ಲಿ ಕಾಣಿಸಿಕೊಂಡರೆ ಗಾಬರಿಯಾಗದೆ ಆ್ಯಪ್‌ನಲ್ಲಿ ಅಳಿಸಿ, ಕನ್ನಡಿಯ ಮುಂದೆ ಹೋಗಬಾರದ ಗೆರೆ ಎಳೆಯಿರಿ. ಇನ್ನೊಂದು, ತಲೆಯ ಮೇಲಿನ ಆ ಉಬ್ಬಿನಿಂದ ಬರುವ ಎತ್ತರ. ಲೇಸರನ್ನು ದೇಹದೊಳಗೇ ಅಡಗಿಸಿದ, ಅಥವಾ ಮಂಚದಡಿ ಹೋಗುವಾಗ ಉಬ್ಬನ್ನು ಒಳಕ್ಕೆಳೆದುಕೊಳ್ಳುವ ಮಾಡೆಲ್‌ಗಳು ಈಗ ಇವೆ. ನೀವು ಬರೆದಿಟ್ಟ ಹಾಳೆಯಲ್ಲಿ ಮಂಚದ ಸಂದಿ 9 ಸೆಂ.ಮೀ. ಎಂದಿದ್ದರೆ ಹುಡುಕಬೇಕಾದ್ದು ಅಂಥದ್ದನ್ನೇ.

ಮ್ಯಾಪ್ ಇರುವ ಯಂತ್ರದಲ್ಲಿ ಈ ಸೌಲಭ್ಯಗಳು ಕಡ್ಡಾಯವಾಗಿ ಇರಲಿ: ಕೋಣೆಗಳನ್ನು ಬೇರ್ಪಡಿಸಿ ಹೆಸರಿಡುವುದು, ಒಂದು ಕೋಣೆಯನ್ನಷ್ಟೇ ಗುಡಿಸಲು ಹೇಳುವುದು, ಹೋಗಬಾರದ ಜಾಗ ಗುರುತಿಸುವುದು, ಚಾರ್ಜ್ ಮುಗಿದರೆ ಡಾಕ್‌ಗೆ ಹೋಗಿ ತುಂಬಿಕೊಂಡು ಬಿಟ್ಟಲ್ಲಿಂದಲೇ ಮುಂದುವರಿಸುವುದು. ಮಹಡಿ ಮನೆಯಾದರೆ ಒಂದಕ್ಕಿಂತ ಹೆಚ್ಚು ಮ್ಯಾಪ್ ಉಳಿಸಿಕೊಳ್ಳುವ ಸಾಮರ್ಥ್ಯವೂ ಬೇಕು. ಆಗ ಯಂತ್ರವನ್ನು ನೀವೇ ಎತ್ತಿಕೊಂಡು ಮೇಲೆ ಹೋಗಬೇಕಾಗುತ್ತದೆ.

ಹಂತ 4: ಪ್ಯಾಸ್ಕಲ್ ಅಂಕಿಯನ್ನು ಅದರ ಜಾಗದಲ್ಲಿಡಿ

ಪ್ಯಾಸ್ಕಲ್ ಎಂಬುದು ಒತ್ತಡದ ಅಳತೆ. ಸ್ಟ್ರಾದ ತುದಿಯನ್ನು ಬೆರಳಿನಿಂದ ಮುಚ್ಚಿ ಬಾಯಿಂದ ಎಳೆದು ನೋಡಿ. ಒತ್ತಡ ಬಲವಾಗಿದೆ, ಆದರೆ ಗಾಳಿ ಒಂದಿಷ್ಟೂ ಹರಿಯುತ್ತಿಲ್ಲ. ಕಂಪನಿಗಳು ಹೇಳುವ ಪ್ಯಾಸ್ಕಲ್ ಸಾಮಾನ್ಯವಾಗಿ ಇಂಥ ಬಿಗಿಸ್ಥಿತಿಯ, ಅದೂ ಅತಿ ಜೋರಿನ ಮೋಡ್‌ನ ಅಂಕಿ. ನೆಲದಿಂದ ಧೂಳನ್ನು ಎಬ್ಬಿಸಿ ಒಯ್ಯುವುದು ಹರಿಯುವ ಗಾಳಿ. ಅದು ಎಷ್ಟು ಹರಿಯುತ್ತದೆ ಎಂಬುದು ಬಾಯಿಯ ಆಕಾರ, ಬ್ರಷ್ ನೆಲಕ್ಕೆ ಎಷ್ಟು ತಾಗುತ್ತದೆ, ಫಿಲ್ಟರ್ ಎಷ್ಟು ಕಟ್ಟಿದೆ ಇವೆಲ್ಲದರ ಮೇಲೆ ನಿಂತಿದೆ. ಜತೆಗೆ ಒಬ್ಬರು ಅಳೆದ ರೀತಿಯಲ್ಲೇ ಇನ್ನೊಬ್ಬರು ಅಳೆದಿರುತ್ತಾರೆಂಬ ಖಾತ್ರಿಯಿಲ್ಲ. ಮನೆಬಳಕೆಯ ಗುಡಿಸುವ ರೋಬೋಟ್‌ಗಳನ್ನು ಪರೀಕ್ಷಿಸಲೆಂದೇ ಐಇಸಿ 62885-7 ಎಂಬ ಅಂತಾರಾಷ್ಟ್ರೀಯ ಮಾನಕವಿದೆ. ಅದರ ಪ್ರಕಾರ ಎಷ್ಟು ಧೂಳು ಎತ್ತಿತು ಎಂಬ ಫಲಿತಾಂಶ ಎಲ್ಲಾದರೂ ಸಿಕ್ಕರೆ ಅದು ಪೆಟ್ಟಿಗೆಯ ಮೇಲಿನ ಪ್ಯಾಸ್ಕಲ್‌ಗಿಂತ ನಂಬಲರ್ಹ.

ಟೈಲ್ಸ್, ಕಲ್ಲು, ಮರದ ನೆಲವೇ ಹೆಚ್ಚಿದ್ದರೆ 2500ರಿಂದ 4000 ಪ್ಯಾಸ್ಕಲ್ ಧಾರಾಳ. ದಪ್ಪ ಕಾರ್ಪೆಟ್ ಇದ್ದರೆ, ಸಾಕುಪ್ರಾಣಿಯ ಕೂದಲು ಅದರೊಳಗೆ ಹೆಣೆದುಕೊಳ್ಳುತ್ತಿದ್ದರೆ ಹೆಚ್ಚಿನದು ನೋಡಿ, ಕಾರ್ಪೆಟ್ ಸಿಕ್ಕ ಕೂಡಲೇ ತಾನಾಗಿ ಜೋರು ಮಾಡಿಕೊಳ್ಳುವ ಗುಣವಿದೆಯೇ ಎಂದೂ ಕೇಳಿ. ಟೈಲ್ಸ್ ಮನೆಯವರು 20,000 ಪ್ಯಾಸ್ಕಲ್‌ಗೆ ಹೆಚ್ಚಿಗೆ ಹಣ ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಜೋರಿನ ಮೋಡ್‌ನಲ್ಲಿ ಸದ್ದು ಏರುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ.

ಹಂತ 5: ಯಂತ್ರವನ್ನು ಮಗುಚಿ ಬ್ರಷ್ ನೋಡಿ

ಅಂಗಡಿಯಲ್ಲಿ ಯಂತ್ರವಿದ್ದರೆ ಮಾರಾಟಗಾರರ ಒಪ್ಪಿಗೆ ಕೇಳಿ ಅಂಗಾತ ಮಾಡಿ ನೋಡಿ. ನಡುವಿನ ಉರುಳೆ ಬ್ರಷ್ ಕೂದಲಿನದೋ ರಬ್ಬರಿನದೋ? ಕೂದಲಿನ ಬ್ರಷ್ ಕಾರ್ಪೆಟ್‌ನ ಎಳೆಗಳ ನಡುವಿಂದ ಕಸ ಬಾಚುತ್ತದೆ. ಆದರೆ ತಲೆಗೂದಲು ಅದಕ್ಕೆ ಸುತ್ತಿಕೊಂಡು ಹಗ್ಗವಾಗುತ್ತದೆ. ರಬ್ಬರಿನ ಉರುಳೆಗೆ ಕೂದಲು ಕಡಿಮೆ ಸುತ್ತುತ್ತದೆ, ಸುತ್ತಿದರೂ ಬಿಡಿಸುವುದು ಸುಲಭ. ಮನೆಯಲ್ಲಿ ಉದ್ದ ಕೂದಲಿನವರಿದ್ದರೆ ರಬ್ಬರ್, ಅಥವಾ ಕೂದಲನ್ನು ಒಂದು ತುದಿಗೆ ಸರಿಸಿ ಒಳಕ್ಕೆ ಹೀರಿಕೊಳ್ಳುವಂತೆ ರೂಪಿಸಿದ ಬ್ರಷ್ ಆರಿಸಿ. ಹಾಗಿದ್ದರೂ ಬ್ರಷ್‌ನ ಎರಡು ತುದಿಗಳಲ್ಲಿ ಬೇರಿಂಗ್ ಸುತ್ತ ಕೂದಲು ಸೇರುವುದನ್ನು ಯಾವ ಯಂತ್ರವೂ ಪೂರ್ತಿ ತಪ್ಪಿಸಿಲ್ಲ. ತುದಿಯ ಮುಚ್ಚಳ ಬೆರಳಲ್ಲೇ ಬಿಚ್ಚುವಂತಿದ್ದರೆ ಪ್ರತಿ ವಾರದ ಕೆಲಸ ಹಗುರ. ಸ್ಕ್ರೂ ಹಾಕಿದ್ದರೆ ನೀವು ಅದನ್ನು ಮಾಡುವುದೇ ಇಲ್ಲ, ಆರು ತಿಂಗಳಿಗೆ ಮೋಟಾರು ನರಳತೊಡಗುತ್ತದೆ.

ಫಿಲ್ಟರ್ ಬಗ್ಗೆ ಒಂದು ಮಾತು. ಅತಿ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಫಿಲ್ಟರಿಗೆ 'ಹೆಪಾ' ಎನ್ನುತ್ತಾರೆ. ಮನೆಯಲ್ಲಿ ಅಲರ್ಜಿ ಇರುವವರಿದ್ದರೆ ಆ ಪದವಷ್ಟೇ ಸಾಲದು, ದರ್ಜೆ ಕೇಳಿ. ಯುರೋಪಿನ ಮಾನಕದ ಪ್ರಕಾರ ಎಚ್13 ದರ್ಜೆಯ ಫಿಲ್ಟರ್ ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲೂ ಶೇ 99.95ರಷ್ಟನ್ನು ತಡೆಯಬೇಕು, ಇ11 ದರ್ಜೆಯದು ಶೇ 95ರಷ್ಟನ್ನು. 'ಹೆಪಾ ಮಾದರಿಯ' ಎಂದು ಬರೆದಿದ್ದರೆ ಅದು ಹೆಪಾ ಅಲ್ಲ. ನೀರಿನಲ್ಲಿ ತೊಳೆಯಬಹುದಾದ ಫಿಲ್ಟರನ್ನು ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು, ಇಡೀ ದಿನ ಬಿಡಿ. ಒದ್ದೆ ಫಿಲ್ಟರ್‌ನಲ್ಲಿ ಧೂಳು ಕೆಸರಾಗಿ ಕಟ್ಟಿಕೊಳ್ಳುತ್ತದೆ.

ಹಂತ 6: ನೆಲ ಒರೆಸುವುದು ಬೇಕೇ, ಬೇಕಾದರೆ ಎಂಥದ್ದು

ಒರೆಸುವ ಸೌಲಭ್ಯವಿದೆ ಎಂದು ಬರೆದ ಯಂತ್ರಗಳ ನಡುವೆ ಅಜಗಜಾಂತರ ವ್ಯತ್ಯಾಸವಿದೆ. ಜನ ಹೆಚ್ಚು ನಿರಾಸೆಪಡುವುದೂ ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಲ್ಲಕ್ಕಿಂತ ಸರಳವಾದದ್ದು ಹಿಂದೆ ಒದ್ದೆ ಬಟ್ಟೆ ಎಳೆದುಕೊಂಡು ಹೋಗುವಂಥದ್ದು. ಗುಡಿಸಿದ ಮೇಲೆ ಉಳಿದ ತೆಳು ಧೂಳನ್ನು ಅದು ಒರೆಸುತ್ತದೆ. ಒಣಗಿದ ಕಲೆಗೆ ಅದರಿಂದ ಏನೂ ಆಗದು. ಎರಡು ಕೋಣೆ ಮುಗಿಯುವಷ್ಟರಲ್ಲಿ ಬಟ್ಟೆ ಕೊಳೆಯಾಗಿ, ಆಮೇಲೆ ಅದೇ ಕೊಳೆಯನ್ನು ಮೂರನೆಯ ಕೋಣೆಗೆ ಬಳಿಯುತ್ತದೆ. ಅದರ ಮೇಲಿನದು ಬಟ್ಟೆಯನ್ನು ವೇಗವಾಗಿ ನಡುಗಿಸಿ ಉಜ್ಜುವಂಥದ್ದು. ಆಮೇಲೆ ಎರಡು ದುಂಡನೆಯ ಪ್ಯಾಡ್‌ಗಳನ್ನು ನೆಲಕ್ಕೊತ್ತಿ ತಿರುಗಿಸುವಂಥದ್ದು. ಹೊಸತು ಉರುಳೆ ಮಾಪ್: ಬಟ್ಟೆಯ ಉರುಳೆ ಸುತ್ತುತ್ತಿರುವಾಗಲೇ ಒಂದು ಕಡೆಯಿಂದ ಶುದ್ಧ ನೀರು ಬೀಳುತ್ತದೆ, ಇನ್ನೊಂದು ಕಡೆ ಪಟ್ಟಿಯೊಂದು ಕೊಳೆ ನೀರನ್ನು ಹಿಂಡಿ ತೆಗೆಯುತ್ತದೆ. ಕೊಳೆಯನ್ನು ಮನೆಯೆಲ್ಲ ಹರಡದ ಗುಣ ಇದರದು. ಅಡುಗೆಮನೆಯ ಜಿಡ್ಡು ನಿಮ್ಮ ಮುಖ್ಯ ಚಿಂತೆಯಾದರೆ ತಿರುಗುವ ಪ್ಯಾಡ್ ಇಲ್ಲವೇ ಉರುಳೆಗಿಂತ ಕೆಳಗಿನದಕ್ಕೆ ಹೋಗಬೇಡಿ.

ರಗ್ಗು ಇರುವ ಮನೆಯವರು ಇನ್ನೊಂದು ಅಂಕಿ ಕೇಳಬೇಕು: ರಗ್ಗು ಬಂದಾಗ ಮಾಪ್ ಎಷ್ಟು ಮೇಲೇಳುತ್ತದೆ? ಸಾಮಾನ್ಯವಾಗಿ 7ರಿಂದ 12 ಮಿ.ಮೀ. ನಿಮ್ಮ ರಗ್ಗಿನ ಎಳೆ 15 ಮಿ.ಮೀ. ಇದ್ದರೆ ಎತ್ತಿದರೂ ಅಂಚು ಒದ್ದೆಯೇ. ಪ್ಯಾಡ್‌ಗಳನ್ನು ಡಾಕ್‌ನಲ್ಲೇ ಬಿಟ್ಟು ಬಂದು ಮೊದಲು ರಗ್ಗುಗಳನ್ನೆಲ್ಲ ಗುಡಿಸಿಕೊಳ್ಳುವ ಮಾಡೆಲ್‌ಗಳು ಇದಕ್ಕೆ ಒಳ್ಳೆಯ ಉತ್ತರ. ಮರದ ನೆಲಕ್ಕೆ ಮೇಲ್ಲೇಪ ಸರಿಯಾಗಿಲ್ಲದಿದ್ದರೆ ಯಂತ್ರದ ಮಾಪ್ ಬಳಸಬೇಡಿ, ನೀರು ಸಂದಿಯಲ್ಲಿ ಇಳಿದು ಮರ ಉಬ್ಬುತ್ತದೆ. ಟ್ಯಾಂಕಿಗೆ ನೆಲ ತೊಳೆಯುವ ಯಾವುದೋ ದ್ರಾವಣ ಸುರಿಯುವ ಮೊದಲು ಕೈಪಿಡಿ ಓದಿ. ಬ್ಲೀಚ್‌ನಂಥವು ಒಳಗಿನ ಸಣ್ಣ ಪೈಪು, ಪಂಪುಗಳನ್ನು ಹಾಳುಮಾಡುತ್ತವೆ.

ಹಂತ 7: ಡಾಕ್ ಎಷ್ಟು ಕೆಲಸ ಮಾಡಬೇಕು

ಬರಿಯ ಚಾರ್ಜ್ ಮಾಡುವ ಡಾಕ್ ಇದ್ದರೆ ಯಂತ್ರದ ಡಸ್ಟ್‌ಬಿನ್ ನೀವೇ ಖಾಲಿ ಮಾಡಬೇಕು. ಅದು 300ರಿಂದ 500 ಮಿಲಿಲೀಟರ್ ಹಿಡಿಯುತ್ತದೆ, ಕೂದಲು ಹೆಚ್ಚಿರುವ ಮನೆಯಲ್ಲಿ ದಿನಕ್ಕೊಮ್ಮೆ ತುಂಬುತ್ತದೆ. ತಾನೇ ಕಸ ಎಳೆದುಕೊಳ್ಳುವ ಡಾಕ್‌ನಲ್ಲಿ ಎರಡು ಮೂರು ಲೀಟರಿನ ಚೀಲವಿದ್ದು, ಬದಲಿಸುವ ಕೆಲಸ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ಖಾಲಿ ಮಾಡುವ ಹತ್ತು ಹದಿನೈದು ಸೆಕೆಂಡ್ ದೊಡ್ಡ ಸದ್ದು ಬರುತ್ತದೆ. ಮಲಗುವ ಕೋಣೆಯಲ್ಲಿ ಡಾಕ್ ಇಡಬೇಡಿ. ಚೀಲವಿಲ್ಲದ ಡಾಕ್‌ನಲ್ಲಿ ಚೀಲದ ಖರ್ಚಿಲ್ಲ, ಆದರೆ ಸುರಿಯುವಾಗ ಧೂಳು ಮುಖಕ್ಕೇಳುತ್ತದೆ. ಅಲರ್ಜಿ ಇರುವ ಮನೆಗೆ ಚೀಲದ್ದೇ ಸರಿ.

ಇನ್ನು ಮಾಪ್ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಯಂತ್ರಕ್ಕೆ ನೀರೂ ತುಂಬುವ ದೊಡ್ಡ ಡಾಕ್. ಇದು ಕೆಲಸವನ್ನು ಇಲ್ಲವಾಗಿಸುವುದಿಲ್ಲ, ಬೇರೆ ಕಡೆಗೆ ಸಾಗಿಸುತ್ತದೆ. ಕೊಳೆ ನೀರಿನ ಟ್ಯಾಂಕನ್ನು ಒಂದೆರಡು ದಿನಕ್ಕೊಮ್ಮೆ ಚೆಲ್ಲಿ ತೊಳೆಯದಿದ್ದರೆ ನಾತ ಹೊಡೆಯುತ್ತದೆ, ಮಾಪ್ ತೊಳೆಯುವ ತೊಟ್ಟಿಯ ತಳದಲ್ಲಿ ಕೂದಲು ಮತ್ತು ಲೋಳೆ ಸೇರುತ್ತದೆ. ಆ ತೊಟ್ಟಿ ಕಳಚಿ ತೊಳೆಯುವಂತಿದೆಯೇ? ಅಂಗಡಿಯಲ್ಲಿ ಇದೊಂದನ್ನು ಕೈಯಿಂದ ಎಳೆದು ನೋಡಿ. ಬಿಸಿಗಾಳಿಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಒದ್ದೆಯಾಗಿಯೇ ಉಳಿದ ಮಾಪ್‌ನ ಮುಗ್ಗಲು ವಾಸನೆ ಮರುದಿನ ಇಡೀ ನೆಲಕ್ಕೆ ಹತ್ತುತ್ತದೆ.

ಹಂತ 8: ಅಡ್ಡಿ ಗುರುತಿಸುವ ಕಣ್ಣು, ಮತ್ತು ಆ ಕಣ್ಣು ನೋಡುವುದೇನು

ಲೈಡಾರ್ ಗೋಡೆಯನ್ನು, ಮೇಜಿನ ಕಾಲನ್ನು ನೋಡುತ್ತದೆ. ತನ್ನ ಉಬ್ಬಿಗಿಂತ ತಗ್ಗಿನಲ್ಲಿ ಬಿದ್ದಿರುವ ಕಾಲುಚೀಲ, ವೈರು, ನಾಯಿಯ ಹೇಲು ಅದಕ್ಕೆ ಕಾಣುವುದಿಲ್ಲ. ಇದಕ್ಕಾಗಿ ಮುಂಭಾಗದಲ್ಲಿ ಬೇರೆ ಸೆನ್ಸರ್ ಬೇಕು. ಕೆಲವು ಯಂತ್ರಗಳು ಬೆಳಕಿನ ಗೆರೆಗಳನ್ನು ಚೆಲ್ಲಿ ವಸ್ತುವಿನ ಉಬ್ಬುತಗ್ಗು ಅಳೆಯುತ್ತವೆ. ಕೆಲವು ಕ್ಯಾಮೆರಾದಿಂದ ವಸ್ತು ಯಾವುದೆಂದು ಗುರುತಿಸುತ್ತವೆ. ಸಾಕುಪ್ರಾಣಿ ಮನೆಯೊಳಗೇ ಗಲೀಜು ಮಾಡುವ ಸಾಧ್ಯತೆಯಿದ್ದರೆ ಇದಕ್ಕೆ ಹಣ ಕೊಡಿ. ಅದನ್ನು ಗುರುತಿಸದ ಯಂತ್ರ ಮನೆ ತುಂಬ ಬಳಿದಿಟ್ಟರೆ ಚಕ್ರ, ಬ್ರಷ್ ಎಲ್ಲ ಬಿಚ್ಚಿ ತೊಳೆಯಬೇಕು. ತೆಳು ಕಪ್ಪು ವೈರನ್ನು ಮಾತ್ರ ಒಳ್ಳೆಯ ಯಂತ್ರಗಳೂ ತಪ್ಪಿಸಿಕೊಳ್ಳಲಾರವು, ಅದನ್ನು ನೀವೇ ಎತ್ತಿಡಬೇಕು.

ಕ್ಯಾಮೆರಾ ಇದ್ದರೆ ಅದು ನಿಮ್ಮ ಮನೆಯೊಳಗನ್ನು ನೆಲಮಟ್ಟದಿಂದ ನೋಡುತ್ತಿರುತ್ತದೆ. ಪರೀಕ್ಷಾ ಹಂತದ ರೋಬೋಟ್‌ಗಳು ಮನೆಗಳೊಳಗೆ ತೆಗೆದ ಖಾಸಗಿ ಚಿತ್ರಗಳು ಸಾಮಾಜಿಕ ಜಾಲತಾಣಕ್ಕೆ ಸೋರಿದ ಸಂಗತಿ 2022ರ ಕೊನೆಯಲ್ಲಿ ವರದಿಯಾಯಿತು. ಎಐಗೆ ಕಲಿಸಲು ಆ ಚಿತ್ರಗಳಿಗೆ ಗುರುತು ಹಾಕುತ್ತಿದ್ದ ಗುತ್ತಿಗೆ ಕೆಲಸಗಾರರ ಕೈಯಿಂದ ಅವು ಹೊರಬಿದ್ದಿದ್ದವು. ಆ ಮನೆಯವರು ಪರೀಕ್ಷೆಗೆ ಒಪ್ಪಿದವರೇ, ಆದರೂ ಚಿತ್ರ ಎಲ್ಲಿಗೆ ಹೋಗಬಹುದೆಂದು ಯಾರು ಊಹಿಸಿರುತ್ತಾರೆ? ಆದ್ದರಿಂದ ಮೂರು ಪ್ರಶ್ನೆ ಕೇಳಿ. ವಸ್ತು ಗುರುತಿಸುವ ಕೆಲಸ ಯಂತ್ರದೊಳಗೇ ನಡೆಯುತ್ತದೆಯೇ, ಚಿತ್ರ ಹೊರಗೆ ಹೋಗುತ್ತದೆಯೇ? ದೂರದಿಂದ ಮನೆ ನೋಡುವ ಸೌಲಭ್ಯವನ್ನು ಪೂರ್ತಿ ಆರಿಸಬಹುದೇ? ಇಟಿಎಸ್ಐ ಇಎನ್ 303 645 ಎಂಬ ಸೈಬರ್ ಸುರಕ್ಷತಾ ಮಾನಕದ ಪರೀಕ್ಷೆ ಪಾಸಾಗಿದೆಯೇ? ಉತ್ತರ ಸಮಾಧಾನ ತರದಿದ್ದರೆ ಕ್ಯಾಮೆರಾ ಇಲ್ಲದ, ಲೇಸರ್ ಮಾತ್ರ ಇರುವ ಯಂತ್ರ ಕೊಳ್ಳಿ. ನಮ್ಮ ಮನೆಯಲ್ಲಿರುವುದು ಅದೇ.

ಹಂತ 9: ಬ್ಯಾಟರಿ

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನಿಮಿಷಕ್ಕೆ ಸುಮಾರು ಒಂದು ಚದರ ಮೀಟರ್ ಎಂದು ಲೆಕ್ಕ ಹಿಡಿಯಿರಿ. ಪೀಠೋಪಕರಣ ಕಳೆದು 80 ಚದರ ಮೀಟರ್ ಗುಡಿಸಬೇಕಾದರೆ ಒಂದೂವರೆ ಗಂಟೆ. 5200 ಎಂಎಎಚ್ ಬ್ಯಾಟರಿ ಇದಕ್ಕೆ ಸಾಕು. ಬಿಟ್ಟಲ್ಲಿಂದ ಮುಂದುವರಿಸುವ ಗುಣವಿದ್ದರೆ ಚಿಕ್ಕ ಬ್ಯಾಟರಿಯೂ ನಡೆಯುತ್ತದೆ. ಕೇಳಬೇಕಾದ್ದು, ಎರಡು ಮೂರು ವರ್ಷದ ಮೇಲೆ ಬ್ಯಾಟರಿ ಸೋತಾಗ ಅದನ್ನು ಬಿಡಿಯಾಗಿ ಕೊಂಡು ಬದಲಿಸಬಹುದೇ ಎಂಬುದು.

ಹಂತ 10: ಐದು ವರ್ಷದ ಮೇಲೂ ನಡೆಯುತ್ತದೆಯೇ

ಯಂತ್ರದ ಬೆಲೆಯ ಪಕ್ಕದಲ್ಲಿ ವರ್ಷದ ಬಿಡಿಭಾಗಗಳ ಬೆಲೆಯನ್ನೂ ಬರೆಯಿರಿ. ಪಕ್ಕದ ಬ್ರಷ್ ಮತ್ತು ಫಿಲ್ಟರ್ ಮೂರರಿಂದ ಆರು ತಿಂಗಳಿಗೊಮ್ಮೆ, ನಡುವಿನ ಬ್ರಷ್ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಜತೆಗೆ ಚೀಲ ಮತ್ತು ಮಾಪ್ ಬಟ್ಟೆ. ಈ ಭಾಗಗಳು ಇವತ್ತೇ ಸುಲಭವಾಗಿ ಸಿಗದ ಮಾಡೆಲನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಬಿಟ್ಟುಬಿಡಿ.

ಸಾಫ್ಟ್‌ವೇರ್ ಇನ್ನೂ ಸೂಕ್ಷ್ಮ. ಮನೆಗೆ ಲೇಸರ್ ತಂದ ನೀಟೊ ಕಂಪನಿಯ ಕಥೆಯನ್ನೇ ನೋಡಿ. 2023ರಲ್ಲಿ ಅದರ ಮಾತೃಸಂಸ್ಥೆ ಫೋರ್ವೆರ್ಕ್ ಅದನ್ನು ಮುಚ್ಚಿತು. ಇನ್ನೂ ಐದು ವರ್ಷ ಕ್ಲೌಡ್ ಸೇವೆ, ಅಂದರೆ ಆ್ಯಪ್ ನೆಚ್ಚಿಕೊಂಡ ಕಂಪನಿಯ ಇಂಟರ್ನೆಟ್ ಸೇವೆ, ನಡೆಸುವುದಾಗಿ ಮಾತು ಕೊಟ್ಟಿದ್ದರೂ 2025ರಲ್ಲೇ ಅದು ನಿಂತಿತು. ಯಂತ್ರಗಳು ಸರಿಯಾಗಿಯೇ ಇದ್ದವು, ಆದರೆ ಆ್ಯಪ್ ಹೋಯಿತು, ಅದರೊಂದಿಗೆ ಹೋಗಬಾರದ ಜಾಗ ಗುರುತಿಸುವುದೂ ವೇಳಾಪಟ್ಟಿಯೂ ಹೋದವು. ಉಳಿದದ್ದು ಬೆನ್ನ ಮೇಲಿನ ಗುಂಡಿಯೊಂದೇ. ಹಾಗಾಗಿ ಇಂಟರ್ನೆಟ್ ಕಡಿದಾಗಲೂ ಗುಂಡಿ ಒತ್ತಿ ಇಡೀ ಮನೆ ಗುಡಿಸುತ್ತದೆಯೇ ಎಂದು ಕೇಳಿ. ಮ್ಯಾಟರ್ ಎಂಬ ಸ್ಮಾರ್ಟ್ ಮನೆಯ ಸಾಮಾನ್ಯ ಮಾನಕ 2023ರ ಆವೃತ್ತಿಯಿಂದ ರೋಬೋಟ್ ವ್ಯಾಕ್ಯೂಮ್‌ಗಳನ್ನೂ ಸೇರಿಸಿಕೊಂಡಿದೆ. ಅದಕ್ಕೆ ಹೊಂದುವ ಯಂತ್ರವಾದರೆ ಕಂಪನಿಯ ಆ್ಯಪ್ ಒಂದನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ. ತಾಂತ್ರಿಕ ಕೈಚಳಕ ಇರುವವರಿಗೆ ವ್ಯಾಲೆಟುಡೊ ಎಂಬ ಮುಕ್ತ ತಂತ್ರಾಂಶವಿದೆ, ಆಯ್ದ ಕೆಲವು ಮಾಡೆಲ್‌ಗಳನ್ನು ಕ್ಲೌಡ್ ಇಲ್ಲದೆ ಮನೆಯೊಳಗೇ ನಡೆಸಬಹುದು. ಆ ದಾರಿ ಹಿಡಿಯುವವರು ಅದಕ್ಕೆ ಹೊಂದುವ ಮಾಡೆಲ್‌ಗಳ ಪಟ್ಟಿಯಿಂದಲೇ ಆಯ್ಕೆ ಶುರುಮಾಡಬೇಕು.

ಹಂತ 11: ಹಿಂತಿರುಗಿಸುವ ಅವಧಿಯೊಳಗೆ ಪರೀಕ್ಷೆ ಮುಗಿಸಿ

ಯಂತ್ರ ಬಂದ ದಿನವೇ, ಬಾಗಿಲುಗಳನ್ನೆಲ್ಲ ತೆರೆದಿಟ್ಟು ಮ್ಯಾಪ್ ಮಾಡಿಸಿ. ಮಾರನೆಯ ದಿನ ದೀಪಗಳನ್ನೆಲ್ಲ ಆರಿಸಿ ಒಮ್ಮೆ ಓಡಿಸಿ. ಒಂದು ಚಮಚ ಹಿಟ್ಟನ್ನು ಟೈಲ್ಸ್ ಸಂದಿಯ ಮೇಲೆ, ಒಂದಿಷ್ಟು ಅಕ್ಕಿಕಾಳನ್ನು ಗೋಡೆಯ ಅಂಚಿಗೆ, ಕೆಲವು ಕೂದಲೆಳೆಗಳನ್ನು ರಗ್ಗಿನ ಮೇಲೆ ಹಾಕಿ. ಹಿಟ್ಟು ಸಂದಿಯಲ್ಲೇ ಉಳಿದರೆ ಹೀರುವುದು ಸಾಲದು. ಕಾಳು ಸಿಡಿದು ಚೆಲ್ಲಾಪಿಲ್ಲಿಯಾದರೆ ಪಕ್ಕದ ಬ್ರಷ್‌ನ ವೇಗ ತಗ್ಗಿಸುವ ಆಯ್ಕೆ ಆ್ಯಪ್‌ನಲ್ಲಿದೆಯೇ ನೋಡಿ. ಪ್ರತಿ ಹೊಸ್ತಿಲನ್ನು ಎರಡೂ ಕಡೆಯಿಂದ ದಾಟಿಸಿ, ಹೋಗುವಾಗ ದಾಟಿ ಬರುವಾಗ ಸೋಲುವುದುಂಟು. ಕೆಲಸದ ನಡುವೆ ಎತ್ತಿಕೊಂಡು ಬೇರೆ ಕೋಣೆಯಲ್ಲಿ ಇಡಿ. ಒಳ್ಳೆಯ ಯಂತ್ರ ಒಂದೆರಡು ಸುತ್ತು ತಿರುಗಿ ತಾನೆಲ್ಲಿದ್ದೇನೆಂದು ಕಂಡುಕೊಳ್ಳುತ್ತದೆ. ಸತತ ಐದು ದಿನ ನೀವು ಮನೆಯಲ್ಲಿಲ್ಲದಾಗ ಓಡಿಸಿ, ಎಷ್ಟು ಸಲ ತಾನಾಗಿ ಡಾಕ್‌ಗೆ ಮರಳಿತು ಎಂದು ಬರೆದಿಡಿ. ಐದರಲ್ಲಿ ಎರಡು ಸಲ ಎಲ್ಲೋ ಸಿಕ್ಕಿಬಿದ್ದಿದ್ದರೆ, ಒಂದೇ ಜಾಗದಲ್ಲಾದರೆ ಅಲ್ಲಿ ಗೆರೆ ಎಳೆಯಿರಿ. ಬೇರೆ ಬೇರೆ ಜಾಗದಲ್ಲಾದರೆ ಯಂತ್ರ ನಿಮ್ಮ ಮನೆಗೆ ಒಗ್ಗಿಲ್ಲ, ಹಿಂತಿರುಗಿಸಿ. ಅಲ್ಲಿಯವರೆಗೆ ಪೆಟ್ಟಿಗೆ ಮತ್ತು ಒಳಗಿನ ಥರ್ಮಾಕೋಲನ್ನು ಎಸೆಯಬೇಡಿ.